ಪೇರಲ ಕಾಯಿ, ಹಸಿ ಮೆಣಸು ಮತ್ತು ಸುಳ್ಳು ಹೇಳದ ಥರ್ಮಾಮೀಟರ್

ನಮ್ಮ ಹಿತ್ತಲಲ್ಲಿ ಒಂದು ಪೇರಲ ಮರ ಇದೆ. ಬೀದರ್‌ನ ಕೆಂಪು ಮಣ್ಣು ಅದಕ್ಕೆ ಅದೆಷ್ಟು ಹಿಡಿಸಿದೆಯೋ ಏನೋ, ಯಾರೂ ಗೊಬ್ಬರ ಹಾಕಿಲ್ಲ, ಪಾತ್ರೆ ತೊಳೆದ ನೀರು ಕುಡಿದೇ ಬೆಳೆದಿದೆ. ದೀಪಾವಳಿ ಆದ ಮೇಲೆ ಕಾಯಿ ಬಲಿಯೋಕೆ ಶುರುವಾದರೆ ಸಂಕ್ರಾಂತಿ ದಾಟಿದರೂ ಮುಗಿಯಲ್ಲ. ಅರ್ಧ ಗಿಳಿಗಳಿಗೆ, ಕಾಲು ಭಾಗ ಓಣಿಯ ಹುಡುಗರಿಗೆ, ಉಳಿದದ್ದು ನಮಗೆ. ಆ ಉಳಿದದ್ದೇ ಬುಟ್ಟಿಗಟ್ಟಲೆ. ಉಪ್ಪು ಖಾರ ಹಚ್ಚಿಕೊಂಡು ಎಷ್ಟು ಅಂತ ತಿನ್ನೋದು?

ಹೋದ ವರ್ಷ ನವೆಂಬರ್‌ನಲ್ಲಿ ಅಮೆರಿಕದಿಂದ ಬಂದ ನಾದಿನಿ ಒಂದು ಪುಟ್ಟ ಬಾಟಲಿ ತಂದಿದ್ದಳು. ಒಳಗೆ ಕೆಂಪು ಗಾಜಿನಂಥ ಜೆಲ್ಲಿ. ಅದರಲ್ಲಿ ಮೆಣಸಿನಕಾಯಿ ಚೂರುಗಳು ಈಜ್ತಾ ಈಜ್ತಾ ಹೆಪ್ಪುಗಟ್ಟಿದ ಹಾಗೆ ಅಲ್ಲಲ್ಲೇ ನಿಂತಿದ್ದವು. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಇದಕ್ಕೆ ಪೆಪ್ಪರ್ ಜೆಲ್ಲಿ ಅಂತಾರಂತೆ. ದಪ್ಪ ಮೆಣಸಿನಕಾಯಿ, ಖಾರದ ಮೆಣಸಿನಕಾಯಿ, ವಿನೆಗರ್, ಸಕ್ಕರೆ, ಜೆಲ್ಲಿಯನ್ನು ಗಟ್ಟಿ ಮಾಡುವ ಪೆಕ್ಟಿನ್ ಪುಡಿ, ಇಷ್ಟೇ. ಬಿಸ್ಕತ್ತಿನ ಮೇಲೆ ಮೆತ್ತನೆ ಚೀಸ್ ಸವರಿ, ಅದರ ಮೇಲೆ ಒಂದು ಚಮಚ ಇಟ್ಟುಕೊಂಡು ತಿನ್ನುತ್ತಾರೆ. ನಮ್ಮ ಅತ್ತೆ ಸುಮ್ನೆ ಒಂದು ಚಮಚ ಬಾಯಿಗಿಟ್ಟು, "ಇದು ಖಾರ ಅದನೋ ಸೀ ಅದನೋ, ಮೊದಲು ಅದೊಂದು ಹೇಳು" ಅಂದರು. ಅಂದವರು ಎರಡನೇ ಚಮಚಕ್ಕೂ ಕೈ ಹಾಕಿದರು. ನಾನು ನೋಡಿದೆ.

ಖಾರ ಮಾಡಿ ಇಡೋದು ನಮಗೇನು ಹೊಸದಲ್ಲ. ಹಣ್ಣು ಮೆಣಸಿನಕಾಯಿ ಬಂದಾಗ ಬಳ್ಳೊಳ್ಳಿ, ಉಪ್ಪು, ಮೆಂತ್ಯ, ನಿಂಬೆ ರಸ ಹಾಕಿ ರಂಜಕ ಅರೆದು ಭರಣಿಗೆ ತುಂಬುತ್ತೇವೆ. ಶೇಂಗಾ ಹಿಂಡಿ, ಅಗಸಿ ಹಿಂಡಿ ಅನ್ನೋ ಚಟ್ನಿಪುಡಿಗಳು ಇಲ್ಲದ ಮನೆಯನ್ನು ನಾನಂತೂ ಇಲ್ಲಿ ನೋಡಿಲ್ಲ. ಅವೆಲ್ಲ ಉಪ್ಪು, ಎಣ್ಣೆ, ಒಣಗಿಸೋದು, ಇವುಗಳ ಮೇಲೆ ನಿಂತ ಅಡುಗೆ. ಕೈ ಅಂದಾಜಿಗೆ ಹಾಕಿದರೂ ನಡೆಯುತ್ತೆ. ಜೆಲ್ಲಿಗೆ ಕೈ ಅಂದಾಜು ನಡೆಯಲ್ಲ ಅಂತ ಗೊತ್ತಾಗೋಕೆ ನನಗೆ ಎರಡು ಕಿಲೋ ಸಕ್ಕರೆ ದಂಡ ಬಿತ್ತು.

ಮೊದಲು ಪೆಕ್ಟಿನ್ ಪುಡಿ ಹುಡುಕಿದೆ. ನಾಲ್ಕು ಅಂಗಡಿ ಸುತ್ತಿದೆ. ಒಬ್ಬರು ಜೆಲಾಟಿನ್ ಕೊಟ್ಟರು. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡೋದು. ನಮ್ಮ ಮನೆಯಲ್ಲಿ ಹಾಗಂತ ಬಾಯಿ ಬಿಟ್ಟರೆ ಮುಗೀತು. ಇನ್ನೊಬ್ಬರು ಕಸ್ಟರ್ಡ್ ಪುಡಿಯ ಡಬ್ಬಿ ಮುಂದಿಟ್ಟು, "ಇದೂ ಗಟ್ಟಿ ಆಗ್ತದ್ರೀ" ಅಂದರು. ಕೊನೆಗೆ ಓದ್ತಾ ಓದ್ತಾ ತಿಳಿದದ್ದು, ಪೆಕ್ಟಿನ್ ಹುಡುಕಿಕೊಂಡು ಹೊರಗೆ ಹೋಗಬೇಕಾಗೇ ಇರಲಿಲ್ಲ. ಅದು ಹಿತ್ತಲಲ್ಲೇ ಜೋತಾಡ್ತಾ ಇತ್ತು. ಪೇರಲ ಕಾಯಿಯಲ್ಲಿ ಪೆಕ್ಟಿನ್ ಧಾರಾಳವಾಗಿ ಇರುತ್ತೆ. ಹಣ್ಣಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಅಂಟೇ ಅದು. ಸಾಕಷ್ಟು ಸಕ್ಕರೆ, ಸಾಕಷ್ಟು ಹುಳಿ ಸಿಕ್ಕರೆ ಆ ಅಂಟು ರಸದ ತುಂಬ ಒಂದು ಬಲೆ ನೇಯುತ್ತೆ. ನೀರು ಆ ಬಲೆಯೊಳಗೆ ಸಿಕ್ಕಿಕೊಂಡು ಕೂತರೆ ಅದೇ ಜೆಲ್ಲಿ.

ಪಕ್ಕದ ಮನೆಯ ಖಾಲಾ ಗೋಡೆ ಮೇಲಿಂದ ಬುಟ್ಟಿ ನೋಡಿ, "ಜಾಮ್ ಕಾ ಜಾಮ್ ಬನಾರೇ ಕ್ಯಾ?" ಅಂತ ಕೇಳಿದರು. ಪೇರಲದ ಜಾಮ್ ಮಾಡ್ತಿದ್ದೀಯಾ ಅಂತ. ನಮ್ಮ ಕಡೆ ದಖನಿ ಮಾತಾಡುವವರಿಗೆ ಪೇರಲ ಅಂದರೆ ಜಾಮ್. ಬೆಂಗಳೂರಿನವರು ಸೀಬೆ ಅಂದಾಗ ನಮಗೆ ಹೇಗೆ ಒಂದು ಗಳಿಗೆ ತಲೆಗೆ ಹೋಗಲ್ಲವೋ ಹಾಗೆ. ಜಾಮ್ ಅಲ್ಲ ಖಾಲಾ, ಜೆಲ್ಲಿ, ಅದೂ ಮೆಣಸಿನಕಾಯಿದು ಅಂದೆ. ಅವರು ನನ್ನ ಮುಖ ನೋಡಿ ಬಟ್ಟೆ ಒಣಹಾಕೋಕೆ ಹೋದರು.

ಮೊದಲ ಸಲ ಮಾಡಿದ ತಪ್ಪು ಎಂಥವರೂ ಮಾಡ್ತಾರೆ. ಒಳ್ಳೇದು ಮಾಡಬೇಕು ಅಂತ ಒಳ್ಳೆ ಹಣ್ಣು ಆರಿಸಿದೆ. ಹಳದಿ ತಿರುಗಿ, ಅಡುಗೆಮನೆ ತುಂಬ ಘಮ್ ಅನ್ನೋ ಹಣ್ಣು. ಕುದಿಸಿದೆ, ಸೋಸಿದೆ, ಸಕ್ಕರೆ ಹಾಕಿದೆ, ಮತ್ತೆ ಕುದಿಸಿದೆ. ಮರುದಿನ ಬೆಳಿಗ್ಗೆ ಬಾಟಲಿ ಓರೆ ಮಾಡಿದರೆ ಒಳಗಿನದು ಆರಾಮಾಗಿ ಹರಿದು ಆ ಕಡೆ ಹೋಯಿತು. ಪಾಕ. ಹಣ್ಣು ಯಾಕೆ ಮೆತ್ತಗಾಗುತ್ತೆ ಹೇಳಿ? ಆ ಅಂಟು ಕರಗುವುದರಿಂದಲೇ. ಮಾಗಿದಷ್ಟೂ ಪೆಕ್ಟಿನ್ ಮುರಿದು ಹಾಳಾಗುತ್ತೆ. ತಿನ್ನೋಕೆ ಯಾವುದು ಚಂದವೋ ಜೆಲ್ಲಿಗೆ ಅದು ಕೆಲಸಕ್ಕೆ ಬಾರದು. ಮಕ್ಕಳು ಆ ಖಾರದ ಪಾಕವನ್ನು ನಿಂಬೆ ಸೋಡಾಕ್ಕೆ ಹಾಕಿಕೊಂಡು ಎರಡೇ ದಿನಕ್ಕೆ ಖಾಲಿ ಮಾಡಿದರು. ನಿಜ ಹೇಳಬೇಕು ಅಂದರೆ ಅದು ಬಹಳ ಛಲೋ ಇತ್ತು.

ಅದೇ ದಿನ ಕೈಯೂ ಉರಿದಿತ್ತು. ಮೆಣಸಿನಕಾಯಿ ಹೆಚ್ಚಿ, ನೀರಲ್ಲಿ ತೊಳೆದುಕೊಂಡು, ಮರೆತು ಕಣ್ಣು ಒರೆಸಿಕೊಂಡೆ. ಮೆಣಸಿನ ಖಾರ ನೀರಿಗೆ ಜಗ್ಗಲ್ಲ, ಎಣ್ಣೆಗೆ ಜಗ್ಗುತ್ತೆ. ಮೊದಲು ಕೊಬ್ಬರಿ ಎಣ್ಣೆ ಚೆನ್ನಾಗಿ ತಿಕ್ಕಿ ಆಮೇಲೆ ಸೋಪು ಹಾಕಿ ತೊಳೆದರೆ ಕೈಯಿಂದ ಹೋಗುತ್ತೆ. ಕಣ್ಣಿಗೆ ಮಾತ್ರ ತಣ್ಣೀರು ಮತ್ತು ಅಳು, ಎರಡೇ ಔಷಧ.

ಎರಡನೇ ಸಲ ಹುಷಾರಾದೆ. ಬಲಿತಿರಬೇಕು, ಆದರೆ ಹಣ್ಣಾಗಿರಬಾರದು. ಉಗುರು ಒತ್ತಿದರೆ ಕಷ್ಟಪಟ್ಟು ಇಳಿಯಬೇಕು. ಅಂಥ ಕಾಯಿ ಕಿತ್ತೆ. ಪೆಕ್ಟಿನ್ ಎಷ್ಟಿದೆ ಅಂತ ನೋಡೋಕೆ ಒಂದು ಸುಲಭ ಪರೀಕ್ಷೆಯೂ ಸಿಕ್ಕಿತು. ಮೆಡಿಕಲ್ ಅಂಗಡಿಯಿಂದ ಸ್ಪಿರಿಟ್ ತರಬೇಕು. ಆರಿದ ರಸ ಒಂದು ಚಮಚ, ಸ್ಪಿರಿಟ್ ಒಂದು ಚಮಚ, ಗಾಜಿನ ಲೋಟದಲ್ಲಿ ಮೆಲ್ಲಗೆ ಅಲುಗಿಸಿ ಒಂದು ನಿಮಿಷ ಬಿಡಬೇಕು. ಉಳಿಸಿಕೊಂಡಿದ್ದ ಹಣ್ಣಿನ ರಸಕ್ಕೆ ಹಾಕಿದಾಗ ಎಳೆ ಎಳೆಯಾಗಿ ಏನೋ ತೇಲಿತು, ಅಷ್ಟೇ. ಕಾಯಿಯ ರಸಕ್ಕೆ ಹಾಕಿದಾಗ ಇಡೀ ಒಂದೇ ಮುದ್ದೆ! ಚಮಚದಿಂದ ಎತ್ತಿದರೆ ಮೊಟ್ಟೆಯ ಬಿಳಿ ಭಾಗದ ಹಾಗೆ ಒಟ್ಟಿಗೆ ಎದ್ದು ಬಂತು. ಆ ಲೋಟದ್ದನ್ನು ಚೆಲ್ಲಲೇಬೇಕು, ಬಾಯಿಗೆ ಹಾಕಬಾರದು. ಸ್ಪಿರಿಟ್ ಬಾಟಲಿಯನ್ನು ಒಲೆಯ ಹತ್ತಿರ ತರಲೂ ಬಾರದು. ನಾನು ಈ ಪರೀಕ್ಷೆಯನ್ನು ಹಿತ್ತಲ ಕಟ್ಟೆ ಮೇಲೆ ಕೂತು ಮಾಡಿದೆ.

ರಸ ಇಳಿಸೋದು ಒಂದು ರಾತ್ರಿಯ ಕೆಲಸ. ಸ್ಟೂಲನ್ನು ತಲೆಕೆಳಗು ಮಾಡಿ, ನಾಲ್ಕು ಕಾಲಿಗೆ ಮಲ್ ಬಟ್ಟೆಯ ನಾಲ್ಕು ತುದಿ ಕಟ್ಟಿ, ಕೆಳಗೆ ಪಾತ್ರೆ ಇಟ್ಟು, ಬೆಂದ ಕಾಯಿಯನ್ನು ಬಟ್ಟೆಗೆ ಸುರಿದು ಬಿಡಬೇಕು. ತೊಟ್ಟು ತೊಟ್ಟಾಗಿ ಅದು ತಾನಾಗೇ ಇಳಿಯಬೇಕು. ಹಿಂಡಬಾರದು. ಇದನ್ನು ಅತ್ತೆಗೆ ಹೇಳೋದು ಮರೆತೆ. ಶ್ರೀಖಂಡಕ್ಕೆ ಮೊಸರು ಕಟ್ಟಿ ಕಟ್ಟಿ ಪಳಗಿದ ಕೈ ಅವರದು. ರಾತ್ರಿ ನೀರು ಕುಡಿಯೋಕೆ ಎದ್ದವರು ಗಂಟು ಕಂಡು, ಸುಮ್ನೆ ಇರಲಾರದೆ, ಚೆನ್ನಾಗಿ ಹಿಂಡಿ ಬಿಟ್ಟಿದ್ದಾರೆ. "ಅಷ್ಟೊಂದು ರಸ ಅರಿವ್ಯಾಗ ದಂಡ ಆಗ್ಲತ್ತಿತ್ತು ನೋಡು" ಅಂತ ಬೆಳಿಗ್ಗೆ ಹೆಮ್ಮೆಯಿಂದ ಹೇಳಿದರು. ತಿಳಿಯಾಗಿ ಇರಬೇಕಿದ್ದ ರಸ ಅಕ್ಕಿ ತೊಳೆದ ನೀರಿನ ಹಾಗೆ ಆಗಿತ್ತು. ರುಚಿಗೆ ಅದರಿಂದ ಏನೂ ಆಗಲ್ಲ. ನೋಡೋಕೆ ಗಾಜಿನ ಹಾಗೆ ಇರಲ್ಲ, ಅಷ್ಟೇ.

ಆದರೆ ನಿಜವಾದ ಎಡವಟ್ಟು ಮುಂದೆ ಆಯಿತು. ಜೆಲ್ಲಿ ಹದಕ್ಕೆ ಬರೋದು 105 ಡಿಗ್ರಿಗೆ ಅಂತ ಎಲ್ಲ ಕಡೆ ಬರೆದಿರುತ್ತೆ. ಆನ್‌ಲೈನ್‌ನಲ್ಲಿ ಅಡುಗೆ ಥರ್ಮಾಮೀಟರ್ ತರಿಸಿದ್ದೆ. ಮುಳ್ಳು 102 ದಾಟಿತು, 103 ಆಯಿತು, ಅಲ್ಲೇ ಕೂತುಬಿಟ್ಟಿತು. ನಾನೂ ಹಟ ಹಿಡಿದು ನಿಂತೆ. 105 ಆಗುವ ಹೊತ್ತಿಗೆ ಪಾತ್ರೆಯಲ್ಲಿದ್ದದ್ದು ಜೇನಿಗಿಂತ ಗಟ್ಟಿಯಾಗಿ ಬಳಬಳ ಅನ್ನುತ್ತಿತ್ತು. ಅವಸರದಲ್ಲಿ ಬಾಟಲಿಯನ್ನು ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ ಇಟ್ಟು ಸುರಿದೆ. ಡಿಸೆಂಬರ್‌ನ ಬೆಳಗು, ಕಲ್ಲು ಮಂಜುಗಡ್ಡೆ. ಟಣ್ ಅಂತ ತಳ ಬೇರೆಯಾಯಿತು, ಮೇಲಿನ ಭಾಗ ನನ್ನ ಕೈಯಲ್ಲೇ ಉಳಿಯಿತು. ಉಳಿದ ಬಾಟಲಿಗಳಲ್ಲಿ ಜೆಲ್ಲಿ ಕೂತಿತು ನಿಜ. ಆದರೆ ಎಂಥ ಜೆಲ್ಲಿ! ಚಮಚ ಚುಚ್ಚಿದರೆ ಚಮಚವೇ ವಾಪಸ್ ಬರ್ತಿತ್ತು. ಅಗಿದರೆ ಹಲ್ಲಿಗೆ ರಬ್ಬರ್ ಹಾಗೆ ಹತ್ತಿಕೊಳ್ತಿತ್ತು.

ಥರ್ಮಾಮೀಟರ್ ಮೇಲೆ ಅನುಮಾನ ಬಂತು. ಬರೀ ನೀರು ಕುದಿಸಿ ಅದ್ದಿದೆ. ಗಳಗಳ ಕುದಿಯುವ ನೀರಿಗೆ 98 ತೋರಿಸ್ತು. ನೀರು 100ಕ್ಕೆ ಕುದಿಯುತ್ತೆ ಅನ್ನೋದು ಆರನೇ ಕ್ಲಾಸಿನ ಮಕ್ಕಳಿಗೂ ಗೊತ್ತು, ಅಲ್ವಾ? ಮಾರಿದವರಿಗೆ ಒಂದು ಖಡಕ್ ದೂರು ಬರೆದೆ. ಪಾಪ, ಅವರು ಮರು ಮಾತಿಲ್ಲದೆ ಬೇರೆಯದನ್ನು ಕಳಿಸಿದರು. ಅದೂ 98. ಇನ್ನೊಂದು ದೂರು ಬರೀತಾ ಕೂತಿದ್ದಾಗ ಪಿಯುಸಿ ಓದುವ ಅಕ್ಕನ ಮಗ ಬಂದ. ನೋಡಿ ನಕ್ಕ. "ಚಿಕ್ಕಮ್ಮ, ಬೀದರ್ ಎಷ್ಟು ಎತ್ತರದಾಗ ಅದ ಗೊತ್ತಾ ನಿಮಗ?"

ನಿಜ. ನಾವಿರೋದು ದಖ್ಖನ್ ಪ್ರಸ್ಥಭೂಮಿಯ ನೆತ್ತಿ ಮೇಲೆ. ಕೋಟೆಯ ಕಡೆ ಹೋಗಿ ನಿಂತು ಕೆಳಗಿನ ಬಯಲು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಸಮುದ್ರ ಮಟ್ಟದಿಂದ 600 ಮೀಟರ್‌ಗಿಂತ ಮೇಲಿದ್ದೇವೆ. ಸುಮಾರು 300 ಮೀಟರ್ ಏರಿದರೆ ನೀರು ಕುದಿಯುವ ಬಿಸಿ ಒಂದು ಡಿಗ್ರಿ ಇಳಿಯುತ್ತೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ನೀರಿಗೆ ಆವಿಯಾಗಿ ಹಾರೋದು ಸುಲಭ. ಬೀದರ್‌ನಲ್ಲಿ ನೀರು 98ಕ್ಕೇ ಕುದಿಯುತ್ತೆ. ಥರ್ಮಾಮೀಟರ್ ಎರಡೂ ಸಲ ಸತ್ಯವನ್ನೇ ಹೇಳಿತ್ತು. ಬರೆದ ಲೆಕ್ಕ ಸಮುದ್ರದ ದಂಡೆಯವರಿಗೆ. ಜೆಲ್ಲಿಯ ಹದಕ್ಕೆ ಬೇಕಾದ್ದು 105 ಅನ್ನೋ ಅಂಕಿ ಅಲ್ಲ, ನಿಮ್ಮೂರಿನ ನೀರು ಎಷ್ಟಕ್ಕೆ ಕುದಿಯುತ್ತೋ ಅದಕ್ಕಿಂತ ನಾಲ್ಕೂವರೆ ಐದು ಡಿಗ್ರಿ ಜಾಸ್ತಿ. ನೀರು ಆವಿಯಾಗ್ತಾ ಹೋದ ಹಾಗೆ ಸಕ್ಕರೆ ದಟ್ಟವಾಗುತ್ತೆ, ದಟ್ಟವಾದಷ್ಟೂ ಕುದಿಯುವ ಬಿಸಿ ಏರುತ್ತೆ. ಸಕ್ಕರೆ ನೂರಕ್ಕೆ 65ರ ಹತ್ತಿರ ಬಂದಾಗ ಜೆಲ್ಲಿ ಕೂರುತ್ತೆ. ನಮಗೆ ಅದು 103ರ ಒಳಗೇ ಆಗಿಹೋಗಿರುತ್ತೆ. ನಾನು 105ರವರೆಗೆ ಎಳೆದು ರಬ್ಬರ್ ಮಾಡಿದ್ದೆ. ಮಾರಿದವರಿಗೆ ಕ್ಷಮೆ ಕೇಳಿ ಎರಡು ಸಾಲು ಬರೆದೆ. ಉತ್ತರ ಬರಲಿಲ್ಲ. ಹುಚ್ಚಿ ಅಂದುಕೊಂಡಿರಬೇಕು.

ಮೂರನೇ ಸಲದ ಲೆಕ್ಕವನ್ನು ಪೂರ್ತಿ ಹೇಳ್ತೀನಿ.

ಬಲಿತ ಕಾಯಿ ಎರಡು ಕಿಲೋ. ಅದರ ಜೊತೆ ವಾಸನೆಗೆ ಅಂತ ಮೂರೇ ಮೂರು ಹಣ್ಣು. ಸಿಪ್ಪೆ, ಬೀಜ ಏನೂ ತೆಗೆಯದೆ ತುಂಡು ಮಾಡಿ, ಮುಳುಗುವಷ್ಟು ನೀರು ಹಾಕಿದೆ, ಸುಮಾರು ಎರಡು ಲೀಟರ್. ಜೀರಿಗೆ ಒಂದು ಚಮಚ, ಜಜ್ಜಿದ ಬಳ್ಳೊಳ್ಳಿ ಆರು ಎಸಳು, ಎರಡನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ಅದರಲ್ಲೇ ಇಳಿಬಿಟ್ಟೆ. ಇದು ನನ್ನ ಸ್ವಂತ ಬುದ್ಧಿ. ಅಮೆರಿಕದವರ ಬಾಟಲಿಯಲ್ಲಿ ಇದಿರಲಿಲ್ಲ, ಆದರೆ ಇದಿಲ್ಲದ ಖಾರ ನಮ್ಮ ಬಾಯಿಗೆ ಖಾರ ಅನ್ನಿಸಲ್ಲ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೆಂದ ಮೇಲೆ ಬಳ್ಳೊಳ್ಳಿಯ ಗಂಟು ತೆಗೆದು ಬಿಸಾಕಿ, ಉಳಿದದ್ದನ್ನು ಸ್ಟೂಲಿಗೆ ಕಟ್ಟಿದೆ. ಸ್ಟೂಲನ್ನು ನಮ್ಮ ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿಕೊಂಡು ಮಲಗಿದೆ. ಬೆಳಿಗ್ಗೆ ಒಂದೂ ಕಾಲು ಲೀಟರ್‌ಗೆ ತುಸು ಕಡಿಮೆ ರಸ ಇತ್ತು, ತೆಳು ಚಹಾದ ಬಣ್ಣ.

ಲೀಟರ್‌ಗೆ 750 ಗ್ರಾಂ ಲೆಕ್ಕದಲ್ಲಿ 900 ಗ್ರಾಂ ಸಕ್ಕರೆ ತೂಗಿದೆ. ಮೂರು ನಿಂಬೆಹಣ್ಣಿನ ರಸ, ಕಾಲು ಕಪ್ ವಿನೆಗರ್, ಎರಡು ಸಣ್ಣ ಚಮಚ ಉಪ್ಪು. ಹುಳಿ ಬರೀ ರುಚಿಗಲ್ಲ. ಹುಳಿ ಇಲ್ಲದಿದ್ದರೆ ಪೆಕ್ಟಿನ್ ಬಲೆ ನೇಯಲ್ಲ. ಮೆಣಸಿನಕಾಯಿಯಲ್ಲಿ ಸ್ವಂತ ಹುಳಿ ಕಡಿಮೆ, ಹೀಗಾಗಿ ಬಾಟಲಿ ಕೆಡದೆ ಬಾಳಬೇಕು ಅಂದರೂ ಹುಳಿ ಬೇಕು. ಹಸಿ ಮೆಣಸಿನಕಾಯಿ ಹನ್ನೆರಡು, ಕೆಂಪಗೆ ಹಣ್ಣಾದದ್ದು ಆರು. ಅರ್ಧದಷ್ಟರ ಬೀಜ ಮತ್ತು ಒಳಗಿನ ಬಿಳಿ ದಿಂಡು ತೆಗೆದೆ. ಖಾರದ ಮನೆ ಆ ಬಿಳಿ ದಿಂಡೇ. ಬೀಜಕ್ಕೆ ಸುಮ್ನೆ ಕೆಟ್ಟ ಹೆಸರು. ಎಲ್ಲವನ್ನೂ ಸಾಸಿವೆ ಕಾಳಿಗಿಂತ ತುಸು ದಪ್ಪಗೆ ಹೆಚ್ಚಿದೆ, ಈ ಸಲ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು.

ತಮಾಷೆ ಅಂದರೆ ಮೆಣಸಿನಕಾಯಿ, ಪೇರಲ ಎರಡೂ ಹುಟ್ಟಿದ್ದು ಅಮೆರಿಕ ಖಂಡದಲ್ಲೇ. ಆರುನೂರು ವರ್ಷದ ಹಿಂದೆ ಇಲ್ಲಿ ಇವೆರಡರ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ನಾದಿನಿ ಅಲ್ಲಿಂದ ತಂದ ಬಾಟಲಿ ನೋಡಿ ನಾನು ಮಾಡಿದ ಜೆಲ್ಲಿಯಲ್ಲಿ ನಮ್ಮ ಊರಿನದು ಅಂತ ಜಂಬ ಪಡೋಕೆ ಉಳಿದದ್ದು ನಿಂಬೆ ಮತ್ತು ಸಕ್ಕರೆ. ಸಕ್ಕರೆ ವಿಷಯದಲ್ಲಂತೂ ಬೀದರ್‌ನವರು ಜಂಬ ಪಡಬಹುದು. ಊರು ದಾಟಿದರೆ ಸಾಕು, ಕಬ್ಬಿನ ಗದ್ದೆ.

ರಸ, ವಿನೆಗರ್, ಮೆಣಸಿನಕಾಯಿ ಮೊದಲು ಐದು ನಿಮಿಷ ಕುದಿಯಬೇಕು. ಈ ಐದು ನಿಮಿಷ ಮನೆಯಲ್ಲಿ ಯಾರೂ ಇರದಿದ್ದರೆ ಒಳ್ಳೆಯದು. ವಿನೆಗರ್ ಜೊತೆ ಏಳುವ ಆ ಘಾಟು ಒಗ್ಗರಣೆ ಘಾಟಿನ ಅಪ್ಪ. ಅತ್ತೆ ಕೆಮ್ಮುತ್ತಾ ಅಂಗಳಕ್ಕೆ ಹೋದರು. ಗೋಡೆಯಾಚೆ ಖಾಲಾ ಕೆಮ್ಮೋದೂ ಕೇಳಿಸಿತು. ಕಿಟಕಿ, ಬಾಗಿಲು ತೆರೆದು ಸಕ್ಕರೆ ಸುರಿದೆ. ಕರಗುವವರೆಗೆ ಸಣ್ಣ ಉರಿ, ಕರಗಿದ ಮೇಲೆ ದೊಡ್ಡ ಉರಿ. ಪಾತ್ರೆ ಆಳ ಇರಬೇಕು, ರಸ ಅದರ ಮೂರನೇ ಒಂದು ಭಾಗ ದಾಟಬಾರದು. ನೊರೆ ಹಾಲಿಗಿಂತ ಜೋರಾಗಿ ಮೇಲೆ ಬರುತ್ತೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಪೆಕ್ಟಿನ್ನೇ ಮುರಿದುಹೋಗುತ್ತೆ. ಹೀಗಾಗಿ ಇದು ಬಿರುಸಾಗಿ ಮುಗಿಸುವ ಕೆಲಸ.

ಇಲ್ಲಿ ಕಿವಿಯೂ ಬೇಕು. ಶುರುವಿನಲ್ಲಿ ಕುದಿತ ಮಳೆ ಹಾಗೆ ಸದ್ದು ಮಾಡುತ್ತೆ, ಬರೀ ಸಣ್ಣ ನೊರೆ. ಹದ ಹತ್ತಿರ ಬಂದಾಗ ಸದ್ದು ದಪ್ಪ ಆಗುತ್ತೆ. ಗುಳ್ಳೆಗಳು ದೊಡ್ಡದಾಗಿ, ಹೊಳೆಯುತ್ತಾ, ಗುಳುಕ್ ಗುಳುಕ್ ಅಂತ ನಿಧಾನಕ್ಕೆ ಒಡೆಯುತ್ತವೆ. ಮರದ ಸೌಟು ಎತ್ತಿ ಅಡ್ಡ ಹಿಡಿದೆ. ಮೊದಲು ಹನಿಗಳು ಒಂದರ ಹಿಂದೆ ಒಂದು ಓಡಿ ಬಿದ್ದವು. ಎರಡು ನಿಮಿಷ ಬಿಟ್ಟು ಮತ್ತೆ ಹಿಡಿದೆ. ಈ ಸಲ ಅಂಚಿನಲ್ಲಿ ಎರಡು ಹನಿ ಅಕ್ಕಪಕ್ಕ ನಿಂತವು. ಬೀಳಲೋ ಬೇಡವೋ ಅನ್ನುವ ಹಾಗೆ ತೂಗಾಡಿದವು. ಆಮೇಲೆ ಒಂದಕ್ಕೊಂದು ಕೂಡಿಕೊಂಡು, ಅಗಲ ಪದರದಂತೆ ಜಾರಿ, ಹರಿದು ಬಿದ್ದವು. ಥರ್ಮಾಮೀಟರ್ 102.5 ತೋರಿಸುತ್ತಿತ್ತು. ಉರಿ ಆರಿಸಿ, ಫ್ರೀಜರ್‌ನಲ್ಲಿಟ್ಟ ಸ್ಟೀಲ್ ತಟ್ಟೆಗೆ ಒಂದು ಹನಿ ಬಿಟ್ಟೆ. ಒಂದು ನಿಮಿಷದ ಮೇಲೆ ಬೆರಳಿಂದ ತಳ್ಳಿದರೆ ಹಾಲಿನ ಕೆನೆ ಹಾಗೆ ಸುಕ್ಕುಗಟ್ಟಿತು. ಅತ್ತೆಯನ್ನು ಕೂಗಿ ಕರೆದು ತೋರಿಸಿದೆ.

ಈಗ ಸುರಿದರೆ ಮೆಣಸಿನ ಚೂರೆಲ್ಲ ಬಾಟಲಿಯ ಕುತ್ತಿಗೆಗೆ ಬಂದು ತೇಲುತ್ತವೆ. ಎಂಟು ಹತ್ತು ನಿಮಿಷ ತಡೀಬೇಕು. ನೊರೆ ತೆಗೆದು, ಮೇಲೆ ತೆಳ್ಳನೆ ಪೊರೆ ಕಟ್ಟೋಕೆ ಶುರುವಾದಾಗ ಮೆಲ್ಲಗೆ ತಿರುವಿದೆ. ಚೂರುಗಳು ಇದ್ದಲ್ಲೇ ನಿಂತವು. ತುಂಬ ಕಾದರೂ ತಪ್ಪು. ಬಾಟಲಿಗೆ ಹೋಗುವಾಗ 85 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲದಿದ್ದರೆ ಮುಂದೆ ಬೂಸ್ಟು ಬರಬಹುದು. ಬಾಟಲಿಗಳನ್ನು ಹತ್ತು ನಿಮಿಷ ಕುದಿಯುವ ನೀರಲ್ಲಿ ಇಟ್ಟು, ಬಿಸಿ ಇರುವಾಗಲೇ ತೆಗೆದು, ರೊಟ್ಟಿ ಬಡಿಯುವ ಮರದ ಕೊಣಮಿಗೆ ಮೇಲೆ ಟವೆಲ್ ಹಾಸಿ ಸಾಲಾಗಿ ನಿಲ್ಲಿಸಿದೆ. ಕಲ್ಲಿನ ಸಹವಾಸ ಬೇಡ. 200 ಮಿಲಿಯ ಐದು ಬಾಟಲಿ ತುಂಬಿ, ಒಂದು ವಾಟಿಯಷ್ಟು ಉಳಿಯಿತು.

ಒಂದು ದಿನ ಅಲುಗಿಸಬಾರದು ಅಂತ ಇದೆ. ರಾತ್ರಿ ನಾನೇ ಎರಡು ಸಲ ಎದ್ದು ಹೋಗಿ ನೋಡಿದೆ, ಮುಟ್ಟಲಿಲ್ಲ. ಬೆಳಿಗ್ಗೆ ಬಾಟಲಿಯನ್ನು ಕಿಟಕಿಗೆ ಹಿಡಿದರೆ ಬಿಸಿಲು ಒಳಗೆ ಹಾದು ಬಂತು. ಕೆಂಪು ಚೂರುಗಳು ಕೆಂಪಾಗೇ ಇದ್ದವು, ಹಸಿರು ಮಾತ್ರ ಹುಳಿಗೆ ಬಣ್ಣ ಬಿಟ್ಟು ಒಣ ಎಲೆ ಹಾಗೆ ಆಗಿದ್ದವು. ಚಮಚ ಇಳಿಯಿತು, ಎತ್ತಿದರೆ ಅಂಚು ಚೂಪಾಗಿ ನಿಂತಿತು, ತಟ್ಟೆಯಲ್ಲಿ ಸ್ವಲ್ಪ ನಡುಗಿತು. ನಾಲಿಗೆಗೆ ಮೊದಲು ಪೇರಲ, ಆಮೇಲೆ ಹುಳಿ. ಖಾರ ತಡವಾಗಿ ಗಂಟಲಿನ ಹಿಂದೆ ಬರುತ್ತೆ.

ಚೀಸು ಬಿಸ್ಕತ್ತು ನಮ್ಮಲ್ಲಿ ಯಾರಿಗೂ ಬೇಕಾಗಲಿಲ್ಲ. ಭೋಗಿ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೆಣ್ಣೆ, ಅದರ ಪಕ್ಕ ಈ ಜೆಲ್ಲಿ. ಬೆಣ್ಣೆ ಖಾರವನ್ನು ಮೆತ್ತಗೆ ಮಾಡುತ್ತೆ. ಅತ್ತೆ ಅದರ ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡರು. ನನಗೆ ಹೊಳೆಯದ ಜೋಡಿ ಅದು, ನಾನೂ ಈಗ ಹಾಗೇ ತಿನ್ನೋದು. ಸೀನೋ ಖಾರನೋ ಅಂತ ಮತ್ತೆ ಕೇಳಲಿಲ್ಲ. ಖಾಲಾಗೆ ಒಂದು ಬಾಟಲಿ ಕೊಟ್ಟೆ, ಕೆಮ್ಮಿಸಿದ್ದಕ್ಕೆ. ಕಬಾಬ್ ಜೊತೆ ತಿಂದು ಮುಗಿಸಿದೆವು ಅಂತ ವಾರದೊಳಗೆ ಬಾಟಲಿ ವಾಪಸ್ ಬಂತು, ತುಂಬ ನಿಂಬೆ ಉಪ್ಪಿನಕಾಯಿ ಇಟ್ಟುಕೊಂಡು.

ಈಗ ಫ್ರಿಜ್‌ನಲ್ಲಿ ಕೊನೆಯ ಬಾಟಲಿ ಇದೆ. ಮೊನ್ನೆ ನೋಡಿದರೆ ಚಮಚ ಹಾಕಿದ ಗುಂಡಿಯಲ್ಲಿ ಒಂದಿಷ್ಟು ನೀರು ಬಿಟ್ಟುಕೊಂಡಿದೆ. ಹುಳಿ ಜಾಸ್ತಿಯಾದರೆ ಬಲೆ ಬಿಗಿಯಾಗಿ ನೀರನ್ನು ಹೊರಗೆ ಹಿಂಡುತ್ತೆ. ಮೂರು ನಿಂಬೆ ಹೆಚ್ಚಾಯಿತು ಅಂತ ಕಾಣುತ್ತೆ. ದೀಪಾವಳಿ ಆದ ಮೇಲೆ ಎರಡಕ್ಕೆ ಇಳಿಸಿ ನೋಡ್ತೀನಿ.